ದೋಣಿಗೋ ಗದ್ದೆಗೋ: ಲಿಂಗ್‌ಚು ಕಾಲುವೆಯ ನೀರಿನ ಲೆಕ್ಕ

ಒಂದೇ ಒಂದು ದೋಣಿ ದಾಟಿಸಲು ಹತ್ತು ಹದಿನೈದು ಮನೆಗಳ ಜನ ಬೇಕು. ಮುಂದಿನವರು ಹಗ್ಗ ಹೆಗಲಿಗೆ ಹಾಕಿಕೊಂಡು ಎಳೆಯಬೇಕು, ಹಿಂದಿನವರು ನೂಕಬೇಕು. ಅಷ್ಟು ಮಾಡಿದರೂ ದೋಣಿ ಗೇಣು ಗೇಣೇ ಮುಂದೆ ಹೋಗುತ್ತದೆ. ಅಂಬಿಗರು ಸಾಲಾಗಿ ನಿಂತು ಸುಮ್ನೆ ನೋಡುತ್ತಿರುತ್ತಾರೆ. ಕಾಲುವೆಯಲ್ಲಿ ನೀರೇ ಇಲ್ಲದ ಮೇಲೆ ಹುಟ್ಟು ಹಾಕುವುದೆಲ್ಲಿಗೆ?

ಇದು 9ನೇ ಶತಮಾನದಲ್ಲಿ ದಕ್ಷಿಣ ಚೀನಾದ ಲಿಂಗ್‌ಚು ಕಾಲುವೆಯ ಪಾಡು. ಇದನ್ನು ಬರೆದಿಟ್ಟವನು ಯು ಮೆಂಗ್‌ವೇ ಎಂಬ ಟಾಂಗ್ ರಾಜವಂಶದ ಕಾಲದ ಅಧಿಕಾರಿ. ಅರಮನೆಯ ತುರ್ತು ಆಜ್ಞೆ ಬಂದಾಗಲೋ ಸೈನ್ಯಕ್ಕೆ ದವಸ ಹೋಗಬೇಕಾದಾಗಲೋ ಸುತ್ತಲಿನ ಹಳ್ಳಿಗಳ ಜನರನ್ನು ಬಿಟ್ಟಿ ದುಡಿಮೆಗೆ ಹಿಡಿದು ತರುತ್ತಿದ್ದರು. ಅವನು 868ರಲ್ಲಿ ಕಾಲುವೆಯನ್ನು ರಿಪೇರಿ ಮಾಡಿಸಿದ. ಸೊಪ್ಪು ಕಡ್ಡಿಯ ಕಟ್ಟು ತುಂಬಿ ಒಡ್ಡು ಹಾಕುವುದನ್ನು ನಿಲ್ಲಿಸಿದ. ದೊಡ್ಡ ಕಲ್ಲು, ಗಟ್ಟಿ ಮರ ಬಿಟ್ಟು ಬೇರೇನೂ ಬಳಸಬಾರದು ಎಂದು ಕಟ್ಟಪ್ಪಣೆ ಮಾಡಿದ. ಆಮೇಲೆ ಭಾರೀ ಸರಕಿನ ದೋಣಿಯನ್ನೂ ಒಬ್ಬನೇ ಆಳು ದಾಟಿಸಬಹುದು ಎಂದು ಬರೆದ.

ಆ ಹೊತ್ತಿಗೇ ಕಾಲುವೆಗೆ ಸಾವಿರ ವರ್ಷ ದಾಟಿತ್ತು. ಈಗ 2,200 ವರ್ಷ. ದೋಣಿ ಸಾಗಾಟ ನಿಂತು ಬಹಳ ಕಾಲವಾಯಿತು. ಆದರೆ ಕಾಲುವೆಯಲ್ಲಿ ಇಂದಿಗೂ ನೀರು ಹರಿಯುತ್ತದೆ, ಗದ್ದೆಗಳಿಗೆ ಹಾಯುತ್ತದೆ.

ಈಗ ಇದರ ಮಾತು ಏಕೆ? ಲಿಂಗ್‌ಚು ಇರುವ ಅದೇ ಗ್ವಾಂಗ್‌ಶಿ ಪ್ರಾಂತ್ಯದಲ್ಲಿ ಚೀನಾ ಪಿಂಗ್‌ಲು ಎಂಬ ಹೊಸ ಕಾಲುವೆ ತೋಡಲು ಹೊರಟಿತು. 2022ರ ಆಗಸ್ಟ್‌ನಲ್ಲಿ ಕೆಲಸ ಶುರುವಾಯಿತು, 2026ರ ಕೊನೆಗೆ ಮುಗಿಸುವ ಗುರಿ ಇಟ್ಟುಕೊಂಡರು. ಇದರ ಜೊತೆಗೆ ಶಿಯಾಂಗ್ ಮತ್ತು ಗುಯಿ ನದಿಗಳನ್ನು ದೊಡ್ಡ ಹಡಗುಗಳಿಗಾಗಿ ಜೋಡಿಸುವ ಇನ್ನೊಂದು ಯೋಜನೆಯ ಚರ್ಚೆಯೂ ನಡೆದಿದೆ. ಅಂದರೆ ಲಿಂಗ್‌ಚು ಮಾಡಿದ ಕೆಲಸವನ್ನೇ ಹತ್ತಾರು ಪಟ್ಟು ದೊಡ್ಡದಾಗಿ ಮತ್ತೆ ಮಾಡುವುದು. ಈ ಯೋಜನೆಗಳ ಬಗ್ಗೆ ಬರುವ ಸುದ್ದಿಗಳಲ್ಲಿ ಎಷ್ಟು ಟನ್ ಹಡಗು, ಎಷ್ಟು ಕಿಲೋಮೀಟರ್ ಉಳಿತಾಯ ಎಂಬ ಲೆಕ್ಕವೇ ಜಾಸ್ತಿ. ನನಗೆ ಮುಖ್ಯ ಅನ್ನಿಸುವ ಲೆಕ್ಕ ಬೇರೆ. ನೀರು ಕಡಿಮೆಯಾದ ವರ್ಷ ಮೊದಲ ಪಾಲು ಯಾರಿಗೆ? ಲಿಂಗ್‌ಚು ಈ ಪ್ರಶ್ನೆಯನ್ನು ಒಮ್ಮೆ ಸರಿಯಾಗಿ ಬಿಡಿಸಿತು. ಒಮ್ಮೆ ತಪ್ಪಿಯೂ ಬಿದ್ದಿತು. ಎರಡೂ ದಾಖಲೆಯಲ್ಲಿವೆ.

ಅಕ್ಕಿ ಸಾಗಿಸಲು ತೋಡಿದ್ದು

ಕ್ರಿ.ಪೂ. 221ರಲ್ಲಿ ಚಿನ್ ಶಿ ಹುವಾಂಗ್ ಚೀನಾವನ್ನು ಒಂದು ಮಾಡಿದ. ನಂತರ ಅವನ ಕಣ್ಣು ದಕ್ಷಿಣದ ಯುಯೆ ಜನರ ನಾಡಿನ ಮೇಲೆ ಬಿತ್ತು. ನಡುವೆ ನಾನ್‌ಲಿಂಗ್ ಬೆಟ್ಟ ಸಾಲು ಇತ್ತು. ಸೈನಿಕರು ಬೆಟ್ಟ ದಾಟಿದರು, ಆದರೆ ಅವರ ಊಟ ದಾಟಲಿಲ್ಲ. ಯುಯೆ ಜನ ಕಾಡಿನಲ್ಲಿ ಅಡಗಿ, ರಾತ್ರಿ ಹೊತ್ತು ಮೇಲೆ ಬೀಳುತ್ತಿದ್ದರು. ತು ಸುಯಿ ಎಂಬ ಸೇನಾಪತಿಯೇ ಸತ್ತ. ಆ ದಂಡಯಾತ್ರೆಯಲ್ಲಿ ಶಿ ಲು ಎಂಬ ಅಧಿಕಾರಿಗೆ ಕಾಲುವೆ ತೋಡಿ ದವಸ ಸಾಗಿಸುವ ಕೆಲಸ ಕೊಟ್ಟರು. ಇತಿಹಾಸಕಾರ ಸಿಮಾ ಚಿಯನ್ ಇದನ್ನು ಒಂದೇ ಸಾಲಿನಲ್ಲಿ ಹೇಳಿ ಮುಗಿಸಿದ್ದಾನೆ. ಕಾಲುವೆ ಮುಗಿದದ್ದು ಕ್ರಿ.ಪೂ. 214ರಲ್ಲಿ ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಅದೇ ವರ್ಷ ದಕ್ಷಿಣದಲ್ಲಿ ಮೂರು ಹೊಸ ಆಡಳಿತ ವಿಭಾಗಗಳು ಹುಟ್ಟಿದವು.

ಹೀಗಾಗಿ ಇದು ಯುದ್ಧಕ್ಕಾಗಿ ತೋಡಿದ ಕಾಲುವೆ. ಅದನ್ನು ಮರೆಯಬಾರದು. ಅಲ್ಲಿನ ರೈತರ ಹಿತ ಯಾರ ಮನಸ್ಸಿನಲ್ಲೂ ಇರಲಿಲ್ಲ.

ಶಿ ಲುಗೆ ಒಂದು ಅದೃಷ್ಟ ಇತ್ತು. ಇಂದಿನ ಗುಯಿಲಿನ್ ನಗರದ ಉತ್ತರಕ್ಕೆ ಶಿಂಗ್‌ಆನ್ ಎಂಬ ಊರಿದೆ. ಅಲ್ಲಿ ಎರಡು ನದಿಗಳು ಬೆನ್ನಿಗೆ ಬೆನ್ನು ಕೊಟ್ಟ ಹಾಗೆ ಹರಿಯುತ್ತವೆ. ಶಿಯಾಂಗ್ ನದಿ ಉತ್ತರಕ್ಕೆ ಹೋಗಿ ದೊಂಗ್‌ತಿಂಗ್ ಸರೋವರದ ಮೂಲಕ ಯಾಂಗ್‌ಟ್ಸಿ ಸೇರುತ್ತದೆ. ಲಿ ನದಿ ದಕ್ಷಿಣಕ್ಕೆ ಹೋಗಿ, ಮುಂದೆ ಗುಯಿ ನದಿ ಎಂಬ ಹೆಸರು ಪಡೆದು, ಪರ್ಲ್ ನದಿಯನ್ನು ಸೇರುತ್ತದೆ. ಶಿಯಾಂಗ್‌ಗೂ ಲಿ ನದಿಯ ಒಂದು ಚಿಕ್ಕ ಹಳ್ಳಕ್ಕೂ ನಡುವೆ ಒಂದು ಕಡೆ ಸುಮಾರು ಒಂದೂವರೆ ಕಿಲೋಮೀಟರ್ ಅಂತರ ಅಷ್ಟೇ. ನಡುವೆ ಒಂದು ಸಣ್ಣ ಗುಡ್ಡ. ಅದನ್ನು ಕಡಿದರೆ ಉತ್ತರ ಚೀನಾದಿಂದ ಹೊರಟ ದೋಣಿ ಇಂದಿನ ಗ್ವಾಂಗ್‌ಝೌ ತನಕ ನೀರಿನ ಮೇಲೇ ಹೋಗಬಹುದು.

ಆದರೆ ತೊಡಕೂ ಇತ್ತು. ಅತಿ ಹತ್ತಿರವಾದ ಆ ಜಾಗದಲ್ಲಿ ಶಿಯಾಂಗ್‌ನ ನೀರು ತಗ್ಗಿನಲ್ಲಿದೆ, ಆಚೆಯ ಹಳ್ಳ ಎತ್ತರದಲ್ಲಿದೆ. ನೇರವಾಗಿ ತೋಡಿದರೆ ನೀರು ಹತ್ತುವುದಿಲ್ಲ. ಎತ್ತರದ ಅಣೆಕಟ್ಟು ಕಟ್ಟಿ ನೀರು ಏರಿಸಬಹುದಿತ್ತು. ಅವರು ಹಾಗೆ ಮಾಡಲಿಲ್ಲ. ನದಿಯಲ್ಲಿ ಎರಡು ಕಿಲೋಮೀಟರ್‌ಗಿಂತ ಜಾಸ್ತಿ ಮೇಲಕ್ಕೆ ಹೋದರು. ನೀರು ತಾನಾಗಿಯೇ ಎತ್ತರದಲ್ಲಿರುವ ಜಾಗ ಹುಡುಕಿ, ಅಲ್ಲಿಂದ ಬೆಟ್ಟದ ಅಂಚನ್ನೇ ಹಿಡಿದು ಕಾಲುವೆ ತಂದರು. ಚೀನಾದ ವಿಜ್ಞಾನ ಚರಿತ್ರೆ ಬರೆದ ಜೋಸೆಫ್ ನೀಡಂ ಈ ಕಾಲುವೆಗೆ ಅಷ್ಟು ಮಹತ್ವ ಕೊಟ್ಟದ್ದು ಇದೇ ಕಾರಣಕ್ಕೆ. ನೆಲದ ಏರಿಳಿತಕ್ಕೆ ತಕ್ಕಂತೆ ಮಟ್ಟ ಹಿಡಿದು ಸಾಗುವ ಸಾಗಾಟದ ಕಾಲುವೆಗಳಲ್ಲಿ ಇದೇ ಹಳೆಯದು ಎಂದು ಅವರು ಗುರುತಿಸಿದರು.

ನೇಗಿಲ ಗುಳ, ಎರಡು ತಕ್ಕಡಿ

ನದಿಯ ನಡುವೆ ಕಲ್ಲಿನ ಒಂದು ಚೂಪು ಮೂತಿ ಕಟ್ಟಿದ್ದಾರೆ. ಅದರ ಹೆಸರು ಹುವಾಝುಯಿ. ನೇಗಿಲ ಗುಳದ ಮೂತಿ ಎಂದು ಅರ್ಥ. ಗುಳ ಮಣ್ಣನ್ನು ಎರಡು ಕಡೆಗೆ ಸೀಳಿದ ಹಾಗೆ ಇದು ನದಿಯನ್ನು ಸೀಳುತ್ತದೆ. ಅದರ ಹಿಂದೆ ಎರಡು ಒಡ್ಡುಗಳು ರೆಕ್ಕೆ ಬಿಚ್ಚಿದ ಹಾಗೆ ಚಾಚಿಕೊಂಡಿವೆ. ಉತ್ತರದ್ದು ದೊಡ್ಡ ತಿಯಾನ್‌ಪಿಂಗ್, ಸುಮಾರು 340 ಮೀಟರ್. ದಕ್ಷಿಣದ್ದು ಚಿಕ್ಕ ತಿಯಾನ್‌ಪಿಂಗ್, ಸುಮಾರು 130 ಮೀಟರ್. ತಿಯಾನ್‌ಪಿಂಗ್ ಎಂದರೆ ತಕ್ಕಡಿ. ಮೇಲಿನಿಂದ ನೋಡಿದರೆ ಇವು ಮನುಷ್ಯ ಎಂಬ ಅರ್ಥದ ಚೀನೀ ಅಕ್ಷರದ ಹಾಗೆ ಕಾಣುತ್ತವೆ.

ದೊಡ್ಡ ಒಡ್ಡಿನ ಉದ್ದಕ್ಕೆ ಬಂದ ನೀರು ಉತ್ತರದ ಕಾಲುವೆಗೆ ಹೋಗಿ ಮತ್ತೆ ಶಿಯಾಂಗ್ ನದಿಗೇ ಸೇರುತ್ತದೆ. ಚಿಕ್ಕ ಒಡ್ಡಿನ ನೀರು ದಕ್ಷಿಣದ ಕಾಲುವೆ ಹಿಡಿದು ಲಿ ನದಿಗೆ ಹೋಗುತ್ತದೆ. ಲಿ ನದಿಗೆ ಮೂರು ಪಾಲು, ಶಿಯಾಂಗ್‌ಗೆ ಏಳು ಪಾಲು ಎಂಬ ಮಾತು ಚೀನಾದಲ್ಲಿ ಗಾದೆಯಂತೆ ಓಡಾಡುತ್ತದೆ. ಎರಡು ಒಡ್ಡುಗಳ ಉದ್ದ ಕೂಡಿಸಿ ಭಾಗ ಮಾಡಿದರೆ ಚಿಕ್ಕದರ ಪಾಲು ಸುಮಾರು 28 ಪರ್ಸೆಂಟ್. ಗಾದೆ ಹೇಳುವ ಲೆಕ್ಕವೂ ಕಲ್ಲಿನ ಲೆಕ್ಕವೂ ಹತ್ತಿರ ಹತ್ತಿರ ಬರುತ್ತವೆ.

ಈ ಒಡ್ಡುಗಳ ನಿಜವಾದ ಜಾಣ್ಮೆ ಅವುಗಳ ಕುಳ್ಳತನದಲ್ಲಿದೆ. ನಮ್ಮ ಕೆರೆಗಳ ಕೋಡಿ ನೋಡಿದವರಿಗೆ ಇದು ಬೇಗ ತಿಳಿಯುತ್ತದೆ. ಬೇಸಿಗೆಯಲ್ಲಿ ಒಡ್ಡು ನೀರನ್ನು ತಡೆದು ಎರಡೂ ಕಾಲುವೆಗೆ ತಿರುಗಿಸುತ್ತದೆ. ನೆರೆ ಬಂದರೆ ಹೆಚ್ಚಿನ ನೀರು ಒಡ್ಡಿನ ಮೇಲೇ ಹಾರಿ, ಕೆಳಗಿರುವ ಶಿಯಾಂಗ್‌ನ ಹಳೆ ಪಾತ್ರಕ್ಕೆ ಬಿದ್ದು ಹೋಗುತ್ತದೆ. ಬಾಗಿಲು ತೆರೆಯುವವರು ಬೇಡ, ಮುಚ್ಚುವವರು ಬೇಡ. ಒಡ್ಡಿನ ಇಳಿಜಾರಿನಲ್ಲಿ ಕಲ್ಲಿನ ಚಪ್ಪಡಿಗಳನ್ನು ನಿಲ್ಲಿಸಿ, ಒತ್ತೊತ್ತಾಗಿ ಮೀನಿನ ಹುರುಪೆಯ ಹಾಗೆ ಜೋಡಿಸಿದ್ದಾರೆ. ನೀರು ತರುವ ಮರಳು ಸಂದುಗಳಲ್ಲಿ ಸೇರಿ ಇನ್ನಷ್ಟು ಬಿಗಿಯಾಗುತ್ತದೆ. ಅಡಿಪಾಯದಲ್ಲಿ ಪೈನ್ ಮರದ ಗೂಟಗಳಿವೆ. ನೀರಿನಲ್ಲೇ ಮುಳುಗಿದ್ದರೆ ಪೈನ್ ಕೊಳೆಯುವುದಿಲ್ಲ.

ದಕ್ಷಿಣದ ಕಾಲುವೆ ಸುಮಾರು 33 ಕಿಲೋಮೀಟರ್. ಉತ್ತರದ್ದು ಮೂರಕ್ಕಿಂತ ಸ್ವಲ್ಪ ಜಾಸ್ತಿ. ಎರಡೂ ಸೇರಿ 36 ಕಿಲೋಮೀಟರ್ ಚಿಲ್ಲರೆ. ಉತ್ತರದ ಕಾಲುವೆಯನ್ನು ಬೇಕೆಂದೇ ಹಾವಿನ ಹಾಗೆ ಡೊಂಕು ಡೊಂಕಾಗಿ ತೋಡಿದ್ದಾರೆ. ಹಾದಿ ಉದ್ದವಾದಷ್ಟು ಇಳಿಜಾರು ಕಡಿಮೆ, ನೀರಿನ ಓಟ ಕಡಿಮೆ, ದೋಣಿಗೆ ಅಪಾಯ ಕಡಿಮೆ. ನಮ್ಮ ಘಟ್ಟದ ರಸ್ತೆಗಳೂ ಇದೇ ಉಪಾಯದಿಂದ ಹತ್ತುತ್ತವೆ, ಅಲ್ವಾ.

ಇದೆಲ್ಲ ಒಂದೇ ಸಲಕ್ಕೆ, ಶಿ ಲುವಿನ ಕಾಲದಲ್ಲೇ ಹೀಗೇ ಇತ್ತು ಎಂದು ತಿಳಿಯಬೇಡಿ. ನೇಗಿಲ ಮೂತಿಯನ್ನೇ 19ನೇ ಶತಮಾನದ ಕೊನೆಯಲ್ಲಿ, ನೆರೆಗೆ ಹಾಳಾದ ಮೇಲೆ, ಸ್ವಲ್ಪ ಕೆಳಕ್ಕೆ ಸರಿಸಿ ಕಟ್ಟಿದರು. 2,200 ವರ್ಷದ ಕಾಲುವೆ ಎಂದರೆ 2,200 ವರ್ಷದ ರಿಪೇರಿ. ಶಿಂಗ್‌ಆನ್‌ನಲ್ಲಿ ನಾಲ್ವರು ಸಜ್ಜನರ ಗುಡಿ ಎಂಬುದೊಂದಿದೆ. ಅಲ್ಲಿ ಕಾಲುವೆ ತೋಡಿಸಿದ ಶಿ ಲು ಒಬ್ಬನೇ ಇಲ್ಲ. ಕ್ರಿ.ಶ. 1ನೇ ಶತಮಾನದಲ್ಲಿ ದುರಸ್ತಿ ಮಾಡಿಸಿದ ಮಾ ಯುವಾನ್, 825ರಲ್ಲಿ ಮಾಡಿಸಿದ ಲಿ ಬೋ, ಮೇಲೆ ಹೇಳಿದ ಯು ಮೆಂಗ್‌ವೇ ಕೂಡ ಇದ್ದಾರೆ. ಕಟ್ಟಿದವನ ಪಕ್ಕದಲ್ಲೇ ರಿಪೇರಿ ಮಾಡಿದವರನ್ನೂ ಕೂರಿಸಿ ಪೂಜಿಸಿದ ಆ ಊರಿನವರ ಬಗ್ಗೆ ನನಗೆ ತುಂಬ ಗೌರವ.

ಊರಿನಲ್ಲಿ ಇನ್ನೊಂದು ಕಥೆಯಿದೆ, ಮೂವರು ಸೇನಾಪತಿಗಳ ಗೋರಿಯ ಕಥೆ. ಕಾಲುವೆ ಕಟ್ಟಲು ಬಂದ ಮೊದಲ ಇಬ್ಬರು ಸೋತರು, ಅದಕ್ಕೆ ಅವರ ತಲೆ ಹೋಯಿತು. ಮೂರನೆಯವನು ಗೆದ್ದ. ಆದರೆ ಆ ಇಬ್ಬರ ಕೆಲಸದ ಮೇಲೇ ತಾನು ಗೆದ್ದದ್ದು, ಹೊಗಳಿಕೆ ತನಗೊಬ್ಬನಿಗೇ ಸಲ್ಲುವುದು ಸರಿಯಲ್ಲ ಎಂದು ತಾನೂ ಪ್ರಾಣ ಬಿಟ್ಟ. ಇದು ದಂತಕಥೆ, ಚರಿತ್ರೆ ಅಲ್ಲ. ಹೆಸರಿಲ್ಲದೆ ಸತ್ತ ಕೂಲಿಗಳನ್ನು ಜನ ಈ ಕಥೆಯ ಮೂಲಕ ನೆನೆಯುತ್ತಿದ್ದಾರೆ ಅನ್ನಿಸುತ್ತದೆ.

ದೋಣಿ ಕಡ ಪಡೆದ ನೀರು

ನೀರು ಹಂಚಿದ್ದಾಯಿತು. ಆದರೆ ಮೂರು ಪಾಲು ನೀರು ಬೇಸಿಗೆಯಲ್ಲಿ ದೋಣಿ ತೇಲಿಸುವಷ್ಟು ಆಳ ಇರುವುದಿಲ್ಲ. ಅದಕ್ಕೆ ಕಂಡುಕೊಂಡ ಉಪಾಯ ದೋಮೆನ್, ಅಂದರೆ ಕಾಲುವೆಗೆ ಅಡ್ಡ ಹಾಕುವ ಬಾಗಿಲು. ಎರಡೂ ದಡದಲ್ಲಿ ಅರ್ಧ ಚಂದ್ರದ ಹಾಗೆ ಕಲ್ಲಿನ ಕಂಬ ಕಟ್ಟುತ್ತಾರೆ. ನಡುವೆ ಒಂದು ದೋಣಿ ನುಸುಳುವಷ್ಟು ಜಾಗ, ಐದಾರು ಮೀಟರ್. ದೋಣಿ ಒಳಗೆ ಬಂದ ಕೂಡಲೇ ಅದರ ಹಿಂದೆ ಮರದ ತೊಲೆಗಳನ್ನು ಅಡ್ಡ ಇಟ್ಟು, ಬಿದಿರಿನ ತಟ್ಟಿ, ಚಾಪೆ ಒತ್ತಿ ಬಾಗಿಲು ಮುಚ್ಚುತ್ತಾರೆ. ಸ್ವಲ್ಪ ಹೊತ್ತಿನಲ್ಲಿ ನೀರು ಏರುತ್ತದೆ. ದೋಣಿ ಮುಂದಿನ ಬಾಗಿಲಿಗೆ ಹೋಗುತ್ತದೆ. ಮತ್ತೆ ಅದೇ ಕೆಲಸ. ಹೀಗೆ ದೋಣಿ ಮೆಟ್ಟಿಲು ಹತ್ತಿದ ಹಾಗೆ ಬೆಟ್ಟ ಹತ್ತುತ್ತದೆ. ಯು ಮೆಂಗ್‌ವೇ 18 ಬಾಗಿಲು ಇಡಿಸಿದ. ಮುಂದೆ ಸಾಂಗ್ ರಾಜವಂಶದ ಕಾಲದಲ್ಲಿ ಅವು 36 ಆದವು.

ಇದು ನಿಧಾನದ ಕೆಲಸ. ಕೈ ತುಂಬ ಆಳುಗಳು ಬೇಕು. ಬಾಗಿಲು ಕಾಯಲೆಂದೇ ಜನರಿದ್ದರು. ನಮ್ಮ ಕೆರೆಗಳಲ್ಲಿ ನೀರುಗಂಟಿ ಇದ್ದ ಹಾಗೆ. ಎರಡು ಬಾಗಿಲುಗಳ ನಡುವೆ ದೋಣಿ ನಿಲ್ಲಿಸಿ ನೀರು ತುಂಬಿಸುವ, ಇಂದಿನ ಲಾಕ್‌ಗಳಿಗೆ ತಾಯಿಯಾದ ವ್ಯವಸ್ಥೆ ಬಂದದ್ದು ಆಮೇಲೆ. 984ರಲ್ಲಿ ಚಿಯಾವ್ ವೆಯ್‌ಯುವೆ ಎಂಬ ಅಧಿಕಾರಿ ಉತ್ತರದ ಮಹಾ ಕಾಲುವೆಯ ದಾರಿಯಲ್ಲಿ ಅದನ್ನು ಮೊದಲು ಮಾಡಿಸಿದ.

ಲಿಂಗ್‌ಚು ದೋಣಿಗಳು ನೀರನ್ನು ಬಳಸಿದ ರೀತಿಯನ್ನು ಇಲ್ಲಿ ಗಮನಿಸಬೇಕು. ಬಾಗಿಲು ಮುಚ್ಚಿದಾಗ ನೀರು ನಿಂತಿತು. ತೆರೆದಾಗ ಅದೇ ನೀರು ಅದೇ ಕಾಲುವೆಯಲ್ಲಿ ಕೆಳಕ್ಕೆ ಹೋಯಿತು. ಕೆಳಗಿನ ಗದ್ದೆಯವನಿಗೆ ನೀರು ಒಂದಿಷ್ಟು ತಡವಾಗಿ ಸಿಕ್ಕಿತು, ಆದರೆ ಸಿಕ್ಕಿತು. ದೋಣಿ ಆ ನೀರನ್ನು ಕಡ ತೆಗೆದುಕೊಂಡು ಮರಳಿ ಕೊಟ್ಟಿತು. ಯುದ್ಧಕ್ಕಾಗಿ ತೋಡಿದ ಕಾಲುವೆ ರೈತರ ಕಾಲುವೆಯೂ ಆಗಿದ್ದು ಇದರಿಂದ. ಕಾಲುವೆಯುದ್ದಕ್ಕೂ ರೈತರು ಸಣ್ಣ ಒಡ್ಡು ಕಟ್ಟಿಕೊಂಡರು, ಬಿದಿರಿನ ನೀರುಚಕ್ರ ಹಾಕಿ ಎತ್ತರದ ಗದ್ದೆಗೂ ನೀರೇರಿಸಿದರು.

1396ರಲ್ಲಿ ಆದ ತಪ್ಪು

ಮಿಂಗ್ ರಾಜವಂಶದ ಆರಂಭದ ದಿನಗಳು. 1396ರಲ್ಲಿ ಯಾನ್ ಝೆಂಝಿ ಎಂಬ ಆಸ್ಥಾನದ ಅಧಿಕಾರಿ ಲಿಂಗ್‌ಚು ರಿಪೇರಿಗೆ ಬಂದ. ಕೈಲಾಗದವನೇನೂ ಅಲ್ಲ. 5,000 ಝಾಂಗ್‌ಗಿಂತ ಜಾಸ್ತಿ, ಅಂದರೆ ಸುಮಾರು 16 ಕಿಲೋಮೀಟರ್ ಉದ್ದ ಹೂಳು ತೆಗೆಸಿದ. ದೋಣಿಗೆ ಅಡ್ಡ ಬರುತ್ತಿದ್ದ ಬಂಡೆಗಳನ್ನು ಕಡಿಸಿದ. ಸರ್ಕಾರದ ದವಸದ ದೋಣಿಗಳು ಸರಾಗವಾಗಿ ಓಡಿದವು. ಮಿಂಗ್ ಚರಿತ್ರೆಯಲ್ಲಿ ಅದರ ಹೊಗಳಿಕೆಯೂ ಇದೆ.

ಆದರೆ ಅವನು ಇನ್ನೊಂದು ಕೆಲಸ ಮಾಡಿದ. ಒಡ್ಡಿನ ಮೇಲಿದ್ದ ಮೀನ ಹುರುಪೆಯ ಕಲ್ಲುಗಳನ್ನು ತೆಗೆಸಿ, ಒಡ್ಡನ್ನು ಎತ್ತರಿಸಿದ. ಲೆಕ್ಕ ಸರಳವಾಗಿತ್ತು. ಒಡ್ಡು ಎತ್ತರವಾದರೆ ನೀರು ಜಾಸ್ತಿ ನಿಲ್ಲುತ್ತದೆ, ನೀರು ಜಾಸ್ತಿ ಇದ್ದರೆ ದೋಣಿಗೆ ಒಳ್ಳೆಯದು.

ಕೆರೆಯ ಕೋಡಿ ಎತ್ತರಿಸಿದರೆ ಏನಾಗುತ್ತದೆ ಎಂದು ನಮ್ಮ ಹಳ್ಳಿಯವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಅಲ್ಲೂ ಅದೇ ಆಯಿತು. ನೆರೆ ಬಂದಾಗ ನೀರಿಗೆ ಹಾರಿ ಹೋಗಲು ದಾರಿ ಇರಲಿಲ್ಲ. ಅದು ದಡ ಕೊಚ್ಚಿಕೊಂಡು ಉತ್ತರದ ಕಾಲುವೆಗೇ ನುಗ್ಗಿತು. ದಕ್ಷಿಣದ ಕಾಲುವೆ ಬತ್ತಿತು. ಆ ನೀರು ನಂಬಿದ್ದ ರೈತರು ಕೈ ಸುಟ್ಟುಕೊಂಡರು. ಜನರಿಗೆ ನಷ್ಟವಾಯಿತು ಎಂದು ಮಿಂಗ್ ಚರಿತ್ರೆಯೇ ಒಪ್ಪಿಕೊಳ್ಳುತ್ತದೆ. ಎಂಟು ವರ್ಷಗಳ ನಂತರ, 1404ರಲ್ಲಿ, ಒಡ್ಡನ್ನು ಮೊದಲಿದ್ದ ಹಾಗೇ ಇಳಿಸಿ ಕಟ್ಟಿದರು.

ಈ ಎಂಟು ವರ್ಷಗಳನ್ನು ನಾನು ಮತ್ತೆ ಮತ್ತೆ ನೆನೆಯುತ್ತೇನೆ. ಯಾನ್ ಝೆಂಝಿ ಸೋಮಾರಿಯಲ್ಲ, ಕಳ್ಳನೂ ಅಲ್ಲ. ಅವನು ಕಾಲುವೆಯನ್ನು ಒಂದೇ ಕಣ್ಣಿನಿಂದ ನೋಡಿದ. ಅವನ ಲೆಕ್ಕದ ಪುಸ್ತಕದಲ್ಲಿ ದೋಣಿ ಇತ್ತು, ಗದ್ದೆ ಇರಲಿಲ್ಲ.

ಸರ್ಕಾರಕ್ಕೆ ಮೂರು, ಜನಕ್ಕೆ ಒಂದು

ಬೀಜಿಂಗ್‌ನಿಂದ ಹಾಂಗ್‌ಝೌ ತನಕ ಸುಮಾರು 1,800 ಕಿಲೋಮೀಟರ್ ಉದ್ದದ ಮಹಾ ಕಾಲುವೆಯಲ್ಲಿ ಈ ಒಕ್ಕಣ್ಣಿನ ನೋಟವೇ ಕಾನೂನಾಗಿತ್ತು. ಅದರ ಅತಿ ಎತ್ತರದ ಜಾಗ ಶಾಂದೋಂಗ್‌ನ ನಾನ್‌ವಾಂಗ್. ಅಲ್ಲಿಯೂ ನೀರನ್ನು ಏಳು ಪಾಲು ಉತ್ತರಕ್ಕೆ, ಮೂರು ಪಾಲು ದಕ್ಷಿಣಕ್ಕೆ ಎಂದು ಹಂಚುತ್ತಿದ್ದರು. 1411ರಲ್ಲಿ ಸಾಂಗ್ ಲಿ ಎಂಬ ಮಂತ್ರಿ, ಬಾಯ್ ಯಿಂಗ್ ಎಂಬ ಊರಿನ ಹಿರಿಯನ ಸಲಹೆ ಕೇಳಿ ಅದನ್ನು ಕಟ್ಟಿಸಿದ. ತಂತ್ರ ಚೆನ್ನಾಗಿತ್ತು. ಆದರೆ ರಾಜಧಾನಿಗೆ ವರ್ಷಕ್ಕೆ 40 ಲಕ್ಷ ಶಿ ಅಳತೆಯ ದವಸ ಹೋಗಬೇಕಿತ್ತು. ಹಾಗಾಗಿ ಸುತ್ತಲಿನ ಚಿಲುಮೆ, ಹಳ್ಳಗಳ ನೀರೆಲ್ಲ ದೋಣಿಗೆ ಮೀಸಲು. ರೈತ ಒಡ್ಡು ಒಡೆದು ನೀರು ತಿರುಗಿಸಿದರೆ ಕಠಿಣ ಶಿಕ್ಷೆ.

ಮಹಾ ಕಾಲುವೆಗೆ ನೀರು ಕೊಡುತ್ತಿದ್ದ ವೇ ನದಿಯ ಮೇಲ್ಭಾಗದಲ್ಲಿ, ಚಿಂಗ್ ಚಕ್ರವರ್ತಿ ಕಾಂಗ್‌ಶಿಯ ಕಾಲದಲ್ಲಿ, ಸರ್ಕಾರಕ್ಕೆ ಮೂರು, ಜನಕ್ಕೆ ಒಂದು ಎಂಬ ನಿಯಮ ಬಂತು. ಮೂರು ದಿನ ನೀರು ಕಾಲುವೆಗೆ, ಒಂದು ದಿನ ಗದ್ದೆಗೆ. ಭತ್ತದ ಪೈರು ಬಾಡುತ್ತಿರುವಾಗ ಆ ನಾಲ್ಕನೇ ದಿನಕ್ಕೆ ಕಾಯುವ ರೈತನ ಸಂಕಟ ಯಾರಿಗಾದರೂ ಅರ್ಥವಾಗುತ್ತದೆ. 1855ರಲ್ಲಿ ಹಳದಿ ನದಿ ಹರಿವು ಬದಲಿಸಿ ಮಹಾ ಕಾಲುವೆಯನ್ನು ತುಂಡು ಮಾಡಿತು. 1901ರಲ್ಲಿ ದವಸ ಸಾಗಾಟವನ್ನೇ ನಿಲ್ಲಿಸಿದರು. ದೋಣಿಗಾಗಿಯೇ ಇಟ್ಟುಕೊಂಡಿದ್ದ ಉತ್ತರದ ಭಾಗಗಳು ಆಮೇಲೆ ಒಣಗುತ್ತ ಹೋದವು.

ಲಿಂಗ್‌ಚುವಿನಲ್ಲಿ ಹಾಗಾಗಲಿಲ್ಲ. 1938ರಲ್ಲಿ ರೈಲು ಗುಯಿಲಿನ್ ತಲುಪಿತು. ರಸ್ತೆಗಳೂ ಬಂದವು. ಬಾಗಿಲಿಗೊಂದು ಸಲ ನಿಂತು ಹೋಗುವ ದೋಣಿಗೆ ಯಾರು ಕಾಯುತ್ತಾರೆ? ಸಾಗಾಟ ನಿಂತಿತು. ಆದರೆ ಗದ್ದೆಗಳಿದ್ದವು. ಗದ್ದೆಗೆ ನೀರು ಬೇಕಿದ್ದವರು ಹೂಳು ತೆಗೆದರು, ಒಡ್ಡು ಕಾಪಾಡಿದರು. ದೋಣಿಗಾಗಿ ಹುಟ್ಟಿದ ಕಾಲುವೆ ಗದ್ದೆಯಿಂದಾಗಿ ಬದುಕಿತು. ಹಂಪಿಯ ತುರ್ತಾ ಕಾಲುವೆ ನೆನಪಾಗುತ್ತದೆ. ಸಾಮ್ರಾಜ್ಯ ಹೋಗಿ ನಾನೂರೈವತ್ತು ವರ್ಷ ದಾಟಿದರೂ ಅದು ಬಾಳೆ ತೋಟಗಳಿಗೆ ನೀರು ಹಾಯಿಸುತ್ತಲೇ ಇದೆ.

2018ರಲ್ಲಿ ಅಂತರರಾಷ್ಟ್ರೀಯ ನೀರಾವರಿ ಮತ್ತು ಬಸಿಗಾಲುವೆ ಆಯೋಗ ಲಿಂಗ್‌ಚುವನ್ನು ತನ್ನ ವಿಶ್ವ ಪರಂಪರೆಯ ನೀರಾವರಿ ಕಟ್ಟಡಗಳ ಪಟ್ಟಿಗೆ ಸೇರಿಸಿತು. ಈ ಆಯೋಗದ ಕೇಂದ್ರ ಕಚೇರಿ ಇರುವುದು ನಮ್ಮ ದೆಹಲಿಯಲ್ಲೇ. ಅದೇ ವರ್ಷ ಪಕ್ಕದ ತೆಲಂಗಾಣದ ಸದರ್‌ಮಾಟ್ ಅಣೆಕಟ್ಟು ಮತ್ತು ಪೆದ್ದ ಚೆರುವು ಕೆರೆಯೂ ಪಟ್ಟಿಗೆ ಬಂದವು. ಲಿಂಗ್‌ಚುವಿಗೆ ಮನ್ನಣೆ ಸಿಕ್ಕಿದ್ದು ನೀರಾವರಿಯ ಹೆಸರಿನಲ್ಲಿ ಎಂಬುದು ನನಗೆ ಖುಷಿ ಕೊಟ್ಟ ವಿಷಯ.

ಪಿಂಗ್‌ಲು: ನೀರು ಮರಳಿ ಬಾರದ ಮೆಟ್ಟಿಲು

ಈಗ ಹೊಸ ಕಾಲುವೆಗೆ ಬರೋಣ. ಪಿಂಗ್‌ಲು ಶುರುವಾಗುವುದು ಹೆಂಗ್‌ಝೌ ಬಳಿ, ಯು ನದಿಗೆ ಕಟ್ಟಿರುವ ಶಿಜಿನ್ ಜಲಾಶಯದಿಂದ. ಅಲ್ಲಿಂದ ದಕ್ಷಿಣಕ್ಕೆ 134.2 ಕಿಲೋಮೀಟರ್ ಸಾಗಿ ಚಿನ್‌ಝೌ ಬಂದರಿನ ಹತ್ತಿರ ಸಮುದ್ರ ಸೇರುತ್ತದೆ. 5,000 ಟನ್ ಹಡಗುಗಳು ಓಡಾಡುವ ಹಾಗೆ ಯೋಜನೆ. ಅಂದಾಜು ವೆಚ್ಚ ಸುಮಾರು 7,270 ಕೋಟಿ ಯುವಾನ್. ಅಗೆಯುವ ಮಣ್ಣು, ಕಲ್ಲು 30 ಕೋಟಿ ಘನ ಮೀಟರ್‌ಗಿಂತ ಜಾಸ್ತಿ.

ಇದರ ಬೇಡಿಕೆಯಲ್ಲಿ ನ್ಯಾಯವಿದೆ. ಗ್ವಾಂಗ್‌ಶಿಗೆ ಸಮುದ್ರ ತೀರ ಇದೆ, ದೊಡ್ಡ ನದಿಯೂ ಇದೆ. ಆದರೆ ನದಿ ತನ್ನದೇ ಪ್ರಾಂತ್ಯದ ಸಮುದ್ರ ಸೇರದೆ ಪೂರ್ವಕ್ಕೆ ಗ್ವಾಂಗ್‌ದೋಂಗ್ ತನಕ ಹೋಗುತ್ತದೆ. ಸರಕೂ ಅದೇ ಸುತ್ತು ಹಾಕಬೇಕು. ಹೊಸ ಹಾದಿಯಿಂದ 560 ಕಿಲೋಮೀಟರ್‌ಗಿಂತ ಜಾಸ್ತಿ ಉಳಿಯುತ್ತದೆ. ಗ್ವಾಂಗ್‌ಶಿ ಚೀನಾದ ಶ್ರೀಮಂತ ಪ್ರಾಂತ್ಯವೇನಲ್ಲ. ಪಕ್ಕದ ಗ್ವಾಂಗ್‌ದೋಂಗ್‌ನ ಬಂದರುಗಳ ಏಳಿಗೆಯನ್ನು ಅಲ್ಲಿನ ಜನ ದಶಕಗಳಿಂದ ನೋಡುತ್ತಾ ಬಂದಿದ್ದಾರೆ. ಆಗ್ನೇಯ ಏಷ್ಯಾದ ಜೊತೆ ವ್ಯಾಪಾರ ಬೆಳೆದ ಹಾಗೆ ಈ ಆಸೆಯೂ ಬೆಳೆದಿದೆ.

ನೀರಿನ ಲೆಕ್ಕ ಮಾತ್ರ ಲಿಂಗ್‌ಚುವಿನ ಹಾಗಿಲ್ಲ. ಜಲಾಶಯದಿಂದ ಸಮುದ್ರಕ್ಕೆ ಸುಮಾರು 65 ಮೀಟರ್ ಇಳಿತ. ಅದನ್ನು ಇಳಿಯಲು ಮೂರು ಕಡೆ ಲಾಕ್‌ಗಳು: ಮಾದಾವ್, ಚಿಶಿ, ಚಿಂಗ್‌ನಿಯಾನ್. ಒಂದೊಂದು ಲಾಕ್ ಕೋಣೆ 300 ಮೀಟರ್ ಉದ್ದ, 34 ಮೀಟರ್ ಅಗಲ. ಸರಾಸರಿ 20 ಮೀಟರ್ ಇಳಿತ ಎಂದು ಹಿಡಿದು ಗುಣಿಸಿ ನೋಡಿ. ಒಂದು ಸಲ ಕೋಣೆ ತುಂಬಿ ಖಾಲಿಯಾದರೆ ಸುಮಾರು 2 ಲಕ್ಷ ಘನ ಮೀಟರ್, ಅಂದರೆ 20 ಕೋಟಿ ಲೀಟರ್ ಸಿಹಿ ನೀರು ಕೆಳಕ್ಕೆ ಹೋಗುತ್ತದೆ. ಮೂರು ಮೆಟ್ಟಿಲಿಳಿದ ಮೇಲೆ ಅದು ಸಮುದ್ರದ ಪಾಲು. ಕಡ ಕೊಟ್ಟದ್ದು ಮರಳಿ ಬರುವುದಿಲ್ಲ.

ಎಂಜಿನಿಯರ್‌ಗಳಿಗೆ ಇದು ಗೊತ್ತಿಲ್ಲ ಎಂದಲ್ಲ. ಲಾಕ್‌ಗಳ ಪಕ್ಕದಲ್ಲೇ ಹಂತ ಹಂತವಾಗಿ ತೊಟ್ಟಿಗಳನ್ನು ಕಟ್ಟುವ ವಿನ್ಯಾಸ ಮಾಡಿದ್ದಾರೆ. ಕೋಣೆ ಖಾಲಿಯಾಗುವಾಗ ನೀರು ತೊಟ್ಟಿಗೆ ಹೋಗುತ್ತದೆ, ಮುಂದಿನ ಹಡಗಿಗೆ ಅಲ್ಲಿಂದಲೇ ಬರುತ್ತದೆ. ಸುಮಾರು 60 ಪರ್ಸೆಂಟ್ ನೀರು ಉಳಿಯುತ್ತದೆ ಎಂಬುದು ಅವರ ಲೆಕ್ಕ. ಇದು ದೊಡ್ಡ ಸಾಧನೆಯೇ. ಹಾಗಾದರೂ ಮೇಲಿನ ನಮ್ಮ ಅಂದಾಜಿನಲ್ಲಿ ಒಂದು ಸಲಕ್ಕೆ 8 ಕೋಟಿ ಲೀಟರ್ ಕೆಳಕ್ಕೆ ಹೋಗಿಯೇ ಹೋಗುತ್ತದೆ. ಮಳೆಗಾಲದಲ್ಲಿ ಯು ನದಿಗೆ ಇದು ಲೆಕ್ಕವೇ ಅಲ್ಲ. ಬೇಸಿಗೆ ಬಂದಾಗ, ಬರ ಬಿದ್ದಾಗ ಮಾತು ಬೇರೆ.

ಪನಾಮಾದಲ್ಲಿ ಏನಾಯಿತು ಎಂದು ನೋಡಿ. ಆ ಕಾಲುವೆ ಗಟುನ್ ಸರೋವರದ ಸಿಹಿ ನೀರನ್ನು ನಂಬಿದೆ. ಆ ಸರೋವರವೇ ಅಲ್ಲಿನ ನಗರಗಳ ಕುಡಿಯುವ ನೀರು ಕೂಡ. 2023ರಲ್ಲಿ ಬರ ಬಂತು. ದಿನಕ್ಕೆ 36ರಷ್ಟು ದಾಟುತ್ತಿದ್ದ ಹಡಗುಗಳನ್ನು 22ರ ತನಕ ಇಳಿಸಿದರು. ಜಗತ್ತಿನ ವ್ಯಾಪಾರ ಸಾಲು ನಿಂತು ಕಾಯಿತು. ಅಲ್ಲಿ ಕನಿಷ್ಠ ಪಕ್ಷ ಕುಡಿಯುವ ನೀರು ಮೊದಲು ಎಂಬ ತೀರ್ಮಾನ ಎಲ್ಲರಿಗೂ ಕಾಣುವಂತೆ ಆಯಿತು.

ಪಿಂಗ್‌ಲುವಿನ ವಿಷಯದಲ್ಲಿ ನೀರಿನ ಇನ್ನೊಬ್ಬ ಹಕ್ಕುದಾರ ನೂರಾರು ಕಿಲೋಮೀಟರ್ ದೂರದಲ್ಲಿದ್ದಾನೆ. ಯು ನದಿಯ ನೀರು ಶಿ ನದಿ ಸೇರಿ ಪರ್ಲ್ ನದಿಯ ಮುಖಜ ಭೂಮಿಗೆ ಹೋಗುತ್ತದೆ. ಚಳಿಗಾಲದಲ್ಲಿ ನದಿ ಸೊರಗಿದಾಗ ಅಲ್ಲಿ ಸಮುದ್ರದ ಉಪ್ಪು ನೀರು ಒಳಗೆ ನುಗ್ಗುತ್ತದೆ. ಝುಹಾಯ್, ಮಕಾವು ನಗರಗಳ ಕುಡಿಯುವ ನೀರು ಉಪ್ಪಾಗುತ್ತದೆ. 2005ರಲ್ಲಿ ಮೊದಲ ಸಲ ಮೇಲಿನ ಜಲಾಶಯಗಳಿಂದ ತುರ್ತಾಗಿ ನೀರು ಬಿಟ್ಟು ಉಪ್ಪನ್ನು ಹಿಂದಕ್ಕೆ ತಳ್ಳಿದರು. ಆಮೇಲೆ ಇದು ಒಣ ಕಾಲದ ವಾಡಿಕೆಯೇ ಆಗಿದೆ. ಪಿಂಗ್‌ಲು ಮೂಲಕ ದಕ್ಷಿಣದ ಸಮುದ್ರಕ್ಕೆ ಹೋದ ನೀರು ಆ ಕೆಲಸಕ್ಕೆ ಸಿಗುವುದಿಲ್ಲ. ಶಿಜಿನ್ ಜಲಾಶಯದ ಹತ್ತಿರ ಈಗ ತಕ್ಕಡಿ ಹಿಡಿಯಬೇಕಾಗಿದೆ. ಅಲ್ಲಿ ಕಲ್ಲಿನ ಒಡ್ಡು ತಾನಾಗಿಯೇ ಪಾಲು ಹಾಕುವುದಿಲ್ಲ. ಕಚೇರಿಯಲ್ಲಿ ಕೂತ ಮನುಷ್ಯರು ಹಾಕಬೇಕು.

ಪಿಂಗ್‌ಲು ಯೋಜನೆಯ ಕಾಗದದಲ್ಲಿ ಸಾಗಾಟದ ಜೊತೆಗೆ ನೀರಾವರಿ, ಕುಡಿಯುವ ನೀರು, ನೆರೆ ತಡೆ ಎಂಬ ಮಾತುಗಳೂ ಇವೆ. ಒಳ್ಳೆಯದು. ಆದರೆ ಸಾಗಾಟವೇ ಮುಖ್ಯ, ಉಳಿದದ್ದು ಅದರ ಜೊತೆಗೆ ಎಂಬ ಕ್ರಮದಲ್ಲಿ ಬರೆದಿದೆ. ಈ ಕ್ರಮ ನನಗೆ ಹೆದರಿಕೆ ತರುತ್ತದೆ. ಕಾಲುವೆಯ ಕೆಳ ತುದಿಯಲ್ಲಿ, ಚಿನ್ ನದಿಯ ಬಾಯಲ್ಲಿ, ಮ್ಯಾಂಗ್ರೋವ್ ಕಾಡುಗಳಿವೆ. ಹತ್ತಿರದ ಸಮುದ್ರದಲ್ಲಿ ಬಿಳಿ ಡಾಲ್ಫಿನ್‌ಗಳಿವೆ. ಸಿಹಿ ನೀರು, ಉಪ್ಪು ನೀರು ಬೆರೆಯುವ ಹದ ಬದಲಾದರೆ ಮೊದಲು ತಿಳಿಯುವುದು ಅವಕ್ಕೆ. ಅಲ್ಲಿನ ಮೀನುಗಾರರಿಗೂ ಬೇಗ ತಿಳಿಯುತ್ತದೆ.

ಇನ್ನು ಶಿಯಾಂಗ್ ಮತ್ತು ಗುಯಿ ನದಿಗಳನ್ನು ಜೋಡಿಸುವ ಕಾಲುವೆ. ಸುಮಾರು 300 ಕಿಲೋಮೀಟರ್ ಹಾದಿಯ ಮಾತು ಕೇಳಿಬರುತ್ತಿದೆ. ಇದರ ಕಷ್ಟ ಪಿಂಗ್‌ಲುವಿಗಿಂತ ಜಾಸ್ತಿ. ಪಿಂಗ್‌ಲುವಿಗೆ ತಲೆಯ ಮೇಲೆ ದೊಡ್ಡ ಜಲಾಶಯವಿದೆ. ಇಲ್ಲಿ ಹಡಗು ಬೆಟ್ಟ ಸಾಲನ್ನೇ ಹತ್ತಿ ಇಳಿಯಬೇಕು. ನೀರು ಅತಿ ಕಡಿಮೆ ಇರುವ ಜಾಗದಲ್ಲಿ ಅತಿ ಜಾಸ್ತಿ ನೀರು ಬೇಕಾಗುತ್ತದೆ. ಬೆಟ್ಟದ ತಲೆಯಿಂದ ಇಳಿಯುವ ಪ್ರತಿ ಹಡಗೂ ಎರಡು ನದಿಗಳ ಮೂಲದ ನೀರನ್ನೇ ಬಳಸುತ್ತದೆ. 2022ರ ಬೇಸಿಗೆ ಮತ್ತು ಶರತ್ಕಾಲದಲ್ಲಿ ಯಾಂಗ್‌ಟ್ಸಿ ಕಣಿವೆಯಲ್ಲಿ ಭಾರೀ ಬರ ಬಂದಿತ್ತು. ದೊಂಗ್‌ತಿಂಗ್, ಪೊಯಾಂಗ್ ಸರೋವರಗಳ ತಳ ಬಿರುಕು ಬಿಟ್ಟಿತ್ತು. ಅಂಥ ವರ್ಷ ಈ ಕಾಲುವೆ ಹೇಗೆ ನಡೆಯುತ್ತದೆ ಎಂಬುದಕ್ಕೆ ಉತ್ತರ ಸಿಗುವ ತನಕ ಗುದ್ದಲಿ ಹಾಕದಿರುವುದು ಒಳ್ಳೆಯದು ಎಂದು ನಾನು ತಿಳಿದಿದ್ದೇನೆ.

ಪಿಂಗ್‌ಲುವಿನ ಮೊದಲ ಹಡಗು ಸಮುದ್ರಕ್ಕೆ ಇಳಿಯುವ ದಿನ ಪಟಾಕಿ, ಬಾವುಟ, ಫೋಟೋ ಎಲ್ಲ ಇರುತ್ತದೆ. ನಾನು ಕಾಯುವುದು ಆ ದಿನಕ್ಕಲ್ಲ. ಮಳೆ ಕೈಕೊಟ್ಟ ಮೊದಲ ಚಳಿಗಾಲಕ್ಕೆ. ಆಗ ಮಾದಾವ್ ಲಾಕ್ ದಿನಕ್ಕೆ ಎಷ್ಟು ಸಲ ತೆರೆಯಿತು, ಶಿಜಿನ್ ಅಣೆಕಟ್ಟಿನ ಕೆಳಗೆ ಯು ನದಿಗೆ ಎಷ್ಟು ನೀರು ಬಿಟ್ಟರು, ಮಕಾವುವಿನ ನಲ್ಲಿಯಲ್ಲಿ ಉಪ್ಪು ಎಷ್ಟಿತ್ತು. ಈ ಮೂರು ಅಂಕಿಗಳನ್ನು ಒಟ್ಟಿಗೆ ಇಟ್ಟು ನೋಡಬೇಕು.